ಮಾಳಿಗೆ ಮೇಲಿನ ಎಮ್ಮೆ

ಮೇಜಿನ ಮೇಲೆ ಎರಡು ಎಮ್ಮೆ ನಿಂತಿದ್ದವು. ಒಂದು ಸುಮನಳದು, ಇನ್ನೊಂದು ಕಳ್ಳನದು. ಯಾವುದು ಯಾರದು ಎಂಬುದೇ ಈಗಿನ ಜಗಳ.

ಎರಡೂ ಹಾಲಿನ ಕೆನೆ ಬಣ್ಣದ ಟೀ-ಶರ್ಟು. ಎರಡರ ಎದೆಯ ಮೇಲೂ ಅದೇ ಚಿತ್ರ: ಸುತ್ತ ಮಹಾಪೂರದ ನೀರು, ನಡುವೆ ಮುಳುಗಿದ ಮನೆ, ಅದರ ಮಾಳಿಗೆಯ ಮೇಲೊಂದು ಎಮ್ಮೆ. ಊರೇ ಮುಳುಗಿದರೂ ನನ್ನ ಮೆಲುಕು ನನಗೆ ಎಂಬ ಠೀವಿಯಲ್ಲಿ ಅದು ನಿಂತಿದೆ. ಕೆಳಗೆ ಮರಾಠಿಯಲ್ಲಿ ಒಂದೇ ಮಾತು: ಓಸರೇಲ. ನೀರು ಇಳಿದೀತು ಎಂದು ಅದರ ಅರ್ಥ. ಕೃಷ್ಣೆ ಅಡುಗೆಮನೆಗೆ ಬಂದುಹೋದ ಸಾಂಗ್ಲಿಯ ಜನಕ್ಕೆ ಆ ಎಮ್ಮೆಯನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ನೋಡಿದ ಕೂಡಲೇ ನಗುತ್ತಿದ್ದರು, ನಕ್ಕ ಮೇಲೆ ಸುಮ್ಮನಾಗುತ್ತಿದ್ದರು, ಸುಮ್ಮನಾದ ಮೇಲೆ ಕೊಳ್ಳುತ್ತಿದ್ದರು.

ಅಂಗಿಗಳನ್ನು ಹರವಿಟ್ಟು ಹರ್ಷದಾ ಕೈಕಟ್ಟಿ ಕುಳಿತಿದ್ದಳು. ಕೊಲ್ಹಾಪುರ, ಪುಣೆಗಳಲ್ಲಿ ಅವಳ ಬಟ್ಟೆ ಅಂಗಡಿಗಳಿದ್ದವು. ತವರು ಜತ್ತ ಕಡೆಯದು. ಕನ್ನಡ ಪೂರಾ ತಿಳಿಯುತ್ತಿತ್ತು, ಆಡುವಾಗ ಮಾತ್ರ ಮರಾಠಿ ಒಳನುಗ್ಗುತ್ತಿತ್ತು. ಸುಮನಳ ಚಿತ್ರದ ಅಂಗಿಗಳನ್ನು ತನ್ನ ಎಲ್ಲ ಅಂಗಡಿಗಳಲ್ಲೂ ಇಡುವ ಮಾತನ್ನು ಪಕ್ಕಾ ಮಾಡಲು ಇವತ್ತು ಮಿರಜಿಗೆ ಬಂದಿದ್ದಳು. ಬರುವಾಗ ಸಾಂಗ್ಲಿಯ ವಿಶ್ರಾಮಬಾಗದಲ್ಲಿ ನಿಲೇಶನ ಅಂಗಡಿ ಹೊಕ್ಕು ಬಂದಿದ್ದಳು. ಅಲ್ಲಿ ಗೋಡೆಯ ತುಂಬ ಇದೇ ಎಮ್ಮೆ ನೇತಾಡುತ್ತಿತ್ತು.

"ವೈನಿ, ಸರಳ ವಿಚಾರಸ್ತೀನಿ. ಇದು ನೀವು ಅವಂದು ನೋಡಿ ಮಾಡಿದ್ದಾ?"

ಸುಮನಳ ಕಿವಿ ಬಿಸಿಯಾದವು. ಸಮಡೋಳಿಯ ಶಾಲೆಯಲ್ಲಿ ಓದು ನಿಲ್ಲಿಸಿ, ಮದುವೆಯಾಗಿ ಸಾಂಗ್ಲಿವಾಡಿಗೆ ಬಂದು, ಊರವರ ಬ್ಲೌಸು ಹೊಲಿದು ಹೊಲಿದು ಬೇಸತ್ತು, ಕೊನೆಗೆ ಮಿರಜಿನ ಈ ತಗಡಿನ ಶೆಡ್ಡಿನಲ್ಲಿ ಚಿತ್ರದ ಅಂಗಿ ಛಾಪಿಸಲು ಕುಳಿತವಳು ಅವಳು. ರಂಗೋಲಿ ಬಿಡುತ್ತಿದ್ದ ಕೈಯಿಂದಲೇ ಚಿತ್ರ ಬರೆಯುತ್ತಿದ್ದಳು. ಜಾಳಿಗೆಯ ಚೌಕಟ್ಟು ಇಟ್ಟು, ಶಾಯಿ ಸುರಿದು, ರಬ್ಬರ್ ಪಟ್ಟಿಯಿಂದ ತಾನೇ ಎಳೆಯುತ್ತಿದ್ದಳು. ಈಗ ಓಣಿಗೊಬ್ಬ ಛಾಪಿಸುವವನಾಗಿದ್ದ. ಮಷೀನಿಗೆ ಫೋಟೋ ತೋರಿಸಿದರೆ ಸಾಕು, ಅದು ಹಾಳೆಯ ಮೇಲೆ ಚಿತ್ರ ಉಗುಳುತ್ತಿತ್ತು. ಬಿಸಿ ಒತ್ತಿದರೆ ಅಂಗಿ ಸಿದ್ಧ. ಅಂಥವರ ನಡುವೆ ಕೈಛಾಪಿನವಳು ಉಳಿಯಬೇಕಾದರೆ ಚಿತ್ರ ತನ್ನದೇ ಆಗಿರಬೇಕು. ಅದೊಂದೇ ಅವಳ ಬಂಡವಾಳ. ಸುಮನ ಕದ್ದವಳು ಎಂಬ ಮಾತು ಹರ್ಷದಾಳ ಬಾಯಿಂದ ಪುಣೆ ಮುಟ್ಟಿದರೆ ಮತ್ತೆ ಯಾವ ಅಂಗಡಿಯವನೂ ಅವಳಿಗೆ ಹೊಸಿಲು ತುಳಿಯಗೊಡುವುದಿಲ್ಲ. ಚೌಕಟ್ಟುಗಳನ್ನು ಒಲೆಗೆ ಹಾಕಿ ಮತ್ತೆ ಬ್ಲೌಸಿನ ಹುಕ್ಕು ಹಚ್ಚಬೇಕು.

"ನಾ ಅವಂದು ನೋಡಿ ಮಾಡ್ಲಿ?" ಎಂದಳು. "ಆ ಕಳ್ಳ ಮೂಳ ನನ್ನ ಮನಿಗೆ ಬಂದು, ಶೀರಾ ತಿಂದು, ಕಾಕು ಭಾಳ ಛಲೋ ಆಗೈತ್ರಿ ಅಂತ ಮೊದಲನೇ ಅಂಗಿ ಬೇಡಿ ಒಯ್ದಾನ! ನಮ್ಮ ಮನ್ಯಾಗಿನ ಹುಡುಗ ಅಂತ ಕೊಟ್ಟೆ. ನನ್ನ ಬುದ್ಧಿಗೆ ಬೆಂಕಿ ಹಚ್ಚಲಿ!"

ನಿಲೇಶ ಪರಕೀಯನಲ್ಲ. ಸುಮನಳ ಗಂಡ ಗುರಲಿಂಗನ ಚಿಕ್ಕಪ್ಪನ ಮೊಮ್ಮಗ. ಹಬ್ಬಕ್ಕೆ ಬಂದು ಹಿರಿಯರ ಕಾಲು ಹಿಡಿಯುವವನು. ಕಾಲು ಹಿಡಿಯುವವನ ಕೈ ಎಲ್ಲಿದೆ ನೋಡಬೇಕು ಎಂದು ಅವಳಿಗೆ ಈಗ ಅನಿಸಿತು.

"ಓರಡಬ್ಯಾಡ್ರಿ," ಎಂದಳು ಹರ್ಷದಾ. "ಒದರಿದ್ರ ಮಾತು ಖರೇ ಆಗಂಗಿಲ್ಲ. ಅವನ್ನೂ ಸುದ್ಧಾ ಕರದೇನಿ. ಇಬ್ಬರೂ ನನ್ನ ಮುಂದ ಹೇಳ್ರಿ."

ಹೊರಗೆ ಕಾರು ನಿಂತ ಸಪ್ಪಳವಾಯಿತು. ನಿಲೇಶ ಒಂದು ಗಂಟು ಅಂಗಿ ಕಂಕುಳಲ್ಲಿ ಹಿಡಿದು ಒಳಗೆ ಬಂದ. ಇಸ್ತ್ರಿ ಮುರಿಯದ ಶರ್ಟು, ಅತ್ತರಿನ ವಾಸನೆ. ಶೆಡ್ಡಿನ ಶಾಯಿಯ ನಾತಕ್ಕೆ ಮೂಗಿನ ಹತ್ತಿರ ಕೈ ತಂದು, ಮತ್ತೆ ಇಳಿಸಿ, ಬಾಗಿ ಸುಮನಳ ಕಾಲು ಮುಟ್ಟಲು ಹೋದ.

"ದೂರ ಸರಿ," ಎಂದು ಅವಳು ಕಾಲು ಹಿಂದೆ ತೆಗೆದುಕೊಂಡಳು. "ಕಾಲಾಗಿನ ಚಪ್ಪಲ್ ಕಳುವಾದಾವು."

"ಅರೆ ಕಾಕು, ಶಾಂತ ಆಗ್ರಿ ನಾ." ನಿಲೇಶ ನಗುತ್ತಲೇ ಹರ್ಷದಾಳ ಕಡೆ ತಿರುಗಿದ. "ಮ್ಯಾಡಮ್, ಇವರು ನಮ್ಮ ಕಾಕು. ಅವರ ಬಗ್ಗೆ ನಾ ಕೆಟ್ಟ ಮಾತಾಡಂಗಿಲ್ಲ. ಖರೇ ಅಂದ್ರ, ಈ ಡಿಝೈನ್ ನಾ ಒಂದ ದಿನಾ ಫೋನಿನ್ಯಾಗ ಅವರಿಗೆ ತೋರಿಸಿದ್ದೆ. ಅವರ ಮನಸಿನ್ಯಾಗ ಉಳದಿರಬೇಕು. ವಯಸ್ಸಾತು, ಆಗತೈತಿ."

ಸುಮನಳ ಕೈ ತಾನೇ ಹೋಗಿ ರಬ್ಬರ್ ಪಟ್ಟಿಯ ಹಿಡಿಕೆಗೆ ಬಿಗಿಯಿತು. ಹಣೆಗೆ ಎರಡು ಬಿಟ್ಟರೆ ಮುಂದಿನ ಮಾತೇ ಇರುವುದಿಲ್ಲ ಎಂದು ಒಂದು ಮನಸ್ಸು ಅಂದಿತು. ಬಿಟ್ಟರೆ ಮುಂದಿನ ವ್ಯಾಪಾರವೂ ಇರುವುದಿಲ್ಲ ಎಂದು ಇನ್ನೊಂದು ಅಂದಿತು.

"ಆ ಎಮ್ಮಿ ನಮ್ಮದೋ!" ಎಂದಳು. "ನಮ್ಮ ಮಾಳಗಿ ಮ್ಯಾಲ ನಿಂತಿದ್ದ ಎಮ್ಮಿ! ಅದರ ಬಲಗೊಂಬು ಡೊಂಕು, ನೋಡ್ರಿ ಹರ್ಷದಾ, ಚಿತ್ರದಾಗೂ ಡೊಂಕ ಐತಿ."

"ಎರಡರಾಗೂ ಡೊಂಕ ಐತಿ, ವೈನಿ," ಎಂದಳು ಹರ್ಷದಾ. "ಅದರಿಂದ ಏನ ತಿಳೀಬೇಕು ನಾ? ಉಲಟ, ನನಗ ಬ್ಯಾರೆ ಏನೋ ಕಾಣತೈತಿ." ಅವಳು ನಿಲೇಶನ ಅಂಗಿಯ ಮೇಲೆ ಬೆರಳಿಟ್ಟಳು. "ಬಘಾ, ನೋಡ್ರಿ. ಎಮ್ಮಿ ಕಾಲಿನ ಬುಡಕ, ನೀರಾಗ, ಈ ಹಳದಿ. ಇವರದರಾಗ ಐತಿ, ನಿಮ್ಮದರಾಗ ಇಲ್ಲ. ಕಾಪಿ ಹೊಡದವರ ಕೈಯಾಗ ಇಂಥಾ ಸಣ್ಣ ಕೆಲಸ ಬಿಟ್ಟುಹೋಗತೈತಿ. ನಾ ಇಷ್ಟು ವರ್ಷ ಇದನ್ನ ನೋಡೇನಿ."

ನಿಲೇಶ ಆ ಹಳದಿಯನ್ನು ಅವತ್ತೇ ಮೊದಲ ಸಲ ನೋಡಿದಂತಿತ್ತು. ಅವನ ಮಾಲು ಹೊರಗೆಲ್ಲೋ ಛಾಪಾಗಿ, ಗಂಟು ಕಟ್ಟಿಕೊಂಡು ಬರುತ್ತಿತ್ತು. ಮಾರುವವನಿಗೆ ಬಿಚ್ಚಿ ನೋಡುವ ಪುರುಸೊತ್ತು ಎಲ್ಲಿಯದು? ಆದರೂ ಬಾಯಿ ಚುರುಕು.

"ಕರೆಕ್ಟ್, ಮ್ಯಾಡಮ್! ಅದು ನೀರಾಗ ಸೂರ್ಯ. ಮುಣಗೂ ಸೂರ್ಯ. ನಮ್ಮ ಡಿಝೈನರ್ ಮುದ್ದಾಂ, ಬೇಕಂತನ ಹಾಕ್ಯಾನ. ನಡುವ ಒಂದು ಬಿಳಿ ಗೆರಿ ಐತಿ ನೋಡ್ರಿ, ಅದು ಮೋಡ."

ಸುಮನ ಬಾಗಿ ನೋಡಿದಳು. ಇಷ್ಟು ಹೊತ್ತು ಸಿಟ್ಟಿನಲ್ಲಿ ಅವಳು ಎಮ್ಮೆಯನ್ನಷ್ಟೇ ನೋಡಿದ್ದಳು. ನಾಲ್ಕು ಕಾಲುಗಳ ನಡುವೆ, ನೀರಿನ ಗೆರೆಗಳ ಸಂದಿಯಲ್ಲಿ, ಒಂದು ಮೊಟ್ಟೆಯಾಕಾರದ ಹಳದಿ. ಅದನ್ನು ಓರೆಯಾಗಿ ಸೀಳಿದ ಒಂದು ಬಿಳಿ ಗೆರೆ. ನಿಲೇಶನ ಗಂಟಿಗೆ ಕೈ ಹಾಕಿ ಇನ್ನೊಂದು ಅಂಗಿ ಎಳೆದಳು. ಅದೇ ಹಳದಿ, ಅದೇ ಓರೆ ಗೆರೆ. ಮತ್ತೊಂದು ಎಳೆದಳು. ಅದರಲ್ಲೂ ಅದೇ, ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ.

"ಸೂರ್ಯ ಅಂದ್ಯಲ್ಲ," ಎಂದಳು. ಅವಳ ದನಿ ಈಗ ತಗ್ಗಿತ್ತು. ಅವಳನ್ನು ಬಲ್ಲವರು ಒದರುವಾಗಿನ ಸುಮನಳಿಗಿಂತ ಈ ಸುಮನಳಿಗೆ ಹೆಚ್ಚು ಹೆದರುತ್ತಿದ್ದರು. "ಮುದ್ದಾಂ ಹಾಕಿದ್ದು ಅಂದ್ಯಲ್ಲ?"

"ಹೌದು. ಅಂದೆ."

"ಹರ್ಷದಾ, ಇದು ಸೂರ್ಯ ಅಲ್ಲ. ನಮ್ಮ ಅತ್ತಿ ಹೆಬ್ಬಟ್ಟ. ಹೊಸಾ ಅಂಗಿಗೆ ಅರಿಶಿಣ ಹಚ್ಚ್ಯಾರ. ಈ ಶಾಣ್ಯಾ ಆ ಅಂಗಿ ಫೋಟೋ ತಗದು ಕಳಿಸ್ಯಾನ, ಮಷೀನು ಅರಿಶಿಣಾನೂ ಛಾಪಿಸಿ ಕೊಟ್ಟೈತಿ."

ನಿಲೇಶನ ಮುಖದಲ್ಲಿ ಏನೋ ಬಂದುಹೋಯಿತು. ಮತ್ತೆ ನಕ್ಕ. "ಕಾಕು, ಇದು ಅತೀ ಆತು."

"ಪುರಾವಾ?" ಎಂದಳು ಹರ್ಷದಾ.

ಸುಮನ ಮೂಲೆಯ ಚಿಂದಿ ಬುಟ್ಟಿಯನ್ನು ನೆಲಕ್ಕೆ ಸುರಿದಳು. ಅತ್ತೆ ಅರಿಶಿನ ಹಚ್ಚಿದ್ದ ಉಳಿದ ಅಂಗಿಗಳನ್ನು ಅವಳೇ ಹರಿದು ಶಾಯಿ ಒರೆಸಲು ಹಾಕಿದ್ದಳು. ಕೆದಕಿದಳು, ಬಿಡಿಸಿದಳು. ಎಲ್ಲವೂ ಕರ್ರಗೆ ಶಾಯಿ ಕುಡಿದು ಸತ್ತಿದ್ದವು.

"ಸಾಂಗ್ಲಿವಾಡಿಗೆ ನಡೀರಿ," ಎಂದಳು ಎದ್ದು. "ಹೆಬ್ಬಟ್ಟ ಮನ್ಯಾಗ ಐತಿ."

ಸುಮನ ಹರ್ಷದಾಳ ಕಾರು ಹತ್ತಿದಳು. ಹಿಂದೆ ನಿಲೇಶನ ಕಾರು ಬರುತ್ತಿತ್ತು. ಬಾರದೆ ಉಳಿದರೆ ಒಪ್ಪಿಕೊಂಡಂತೆ ಎಂದು ಅವನಿಗೂ ಗೊತ್ತಿತ್ತು. ಕೃಷ್ಣೆಯ ಸೇತುವೆಯ ಮೇಲೆ ಬಂದಾಗ ಸುಮನಳಿಗೆ ಅತ್ತೆಯ ಆಣೆ ನೆನಪಾಯಿತು. ಹೆಬ್ಬೆಟ್ಟು ಮನೆಯಲ್ಲಿತ್ತು, ನಿಜ. ಅದು ತನಗೆ ಸಿಕ್ಕುವಂತಿರಲಿಲ್ಲ.

ಅತ್ತೆ ಸಂಗವ್ವನ ಪದ್ಧತಿ ಹಳೆಯದು. ಹೊಸ ಬಟ್ಟೆ ಮೈಮೇಲೆ ಹೋಗುವ ಮೊದಲು ಅದಕ್ಕೆ ಅರಿಶಿನ ಮುಟ್ಟಬೇಕು. ಮನೆಯ ಬಟ್ಟೆಗಾದರೆ ಸರಿ. ಸೊಸೆ ಮಾರಲು ಛಾಪಿಸಿದ ಅಂಗಿಗಳಿಗೂ ಅವಳು ಬಿಡಲಿಲ್ಲ. ಹೊಸ ಚಿತ್ರದ ಮೊದಲ ಗಂಟು ಮನೆಗೆ ಬಂದರೆ ಅಂಚಿಗೆ ಒಂದೊಂದು ಬೊಟ್ಟು. ಒಮ್ಮೆ ಒಬ್ಬ ಗಿರಾಕಿ ಅಂಗಿ ತೊಳೆದ. ಸಾಬೂನು ಮುಟ್ಟಿದ್ದೇ ಅರಿಶಿನ ಕೆಂಪಾಯಿತು. ರಕ್ತದ ಕಲೆಯ ಅಂಗಿ ಮಾರುತ್ತೀಯಾ ಎಂದು ಸುಮನಳ ಮುಖಕ್ಕೆ ಎಸೆದು ಹೋದ. ಅವತ್ತು ಅತ್ತೆಗೆ ಹೇಳಿ ನೋಡಿದಳು. ಅತ್ತೆ ಹೂಂ ಅಂದಳು. ಹೂಂ ಅಂದವಳು ಅಂಚು ಬಿಟ್ಟು, ಯಾರಿಗೂ ಕಾಣದ ಜಾಗ ಹುಡುಕಿ, ಚಿತ್ರದ ಒಳಗೇ ಎಮ್ಮೆಯ ಕಾಲ ಬುಡಕ್ಕೆ ಹೆಬ್ಬೆಟ್ಟು ಒತ್ತತೊಡಗಿದಳು. ನಿಲೇಶ ಗಂಟಿನ ಮೇಲಿನ ಅಂಗಿ ಒಯ್ದ ಮರುದಿನ ಉಳಿದವುಗಳಲ್ಲಿ ಅದು ಸುಮನಳ ಕಣ್ಣಿಗೆ ಬಿತ್ತು. ಬಿದ್ದದ್ದೇ ಮನೆ ಹಾರಿಹೋಗುವಂತೆ ಒದರಿದಳು.

"ನಿಮ್ಮ ಹಾಳ ಕೈ ಇನ್ನ ನನ್ನ ಮಾಲಿಗೆ ಹತ್ತಿದ್ರ ನಾ ನಿಮ್ಮ ಸೊಸಿ ಅಲ್ಲ!"

ಸಂಗವ್ವ ಕೊರಳಲ್ಲಿದ್ದ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು, "ಹತ್ತಂಗಿಲ್ಲವ್ವಾ. ನಿನ್ನ ಮಾಲಿಗೆ ಈ ಕೈ ಇನ್ನ ಹತ್ತಂಗಿಲ್ಲ, ಲಿಂಗದಾಣಿ," ಎಂದಿದ್ದಳು. ಅಂದಿನಿಂದ ಒಂದೇ ಮನೆಯಲ್ಲಿ ಒಬ್ಬರು ಬಡಿಸುತ್ತಾರೆ, ಇನ್ನೊಬ್ಬರು ಉಣ್ಣುತ್ತಾರೆ. ಮಾತಿಲ್ಲ. ಸಂಗವ್ವ ಲಿಂಗ ಹಿಡಿದು ಆಡಿದ ಮಾತು ಮುರಿದದ್ದನ್ನು ಸಾಂಗ್ಲಿವಾಡಿಯಲ್ಲಿ ಯಾರೂ ಕಂಡಿರಲಿಲ್ಲ.

ಸಂಗವ್ವ ಕಟ್ಟೆಯ ಮೇಲೆ ಕುಳಿತು ಶೇಂಗಾ ಒಡೆಯುತ್ತಿದ್ದಳು. ಅಂಗಳದಲ್ಲಿ ಬಲಗೊಂಬು ಡೊಂಕಾದ ಮುದಿ ಎಮ್ಮೆ ಕಟ್ಟಿತ್ತು. ಹರ್ಷದಾ ಅದನ್ನು ನೋಡಿ ಮುಂದೆ ನಡೆದಳು. ಡೊಂಕು ಕೊಂಬಿನ ಎಮ್ಮೆ ಜಗತ್ತಿನಲ್ಲಿ ಒಂದೇ ಏನಲ್ಲವಲ್ಲ.

"ಬರ್ರಿ, ಕುಂದರ್ರಿ," ಎಂದಳು ಸಂಗವ್ವ ಹರ್ಷದಾಳಿಗೆ. ನಿಲೇಶನನ್ನು ನೋಡಿ, "ಏನೋ ನಿಲ್ಯಾ, ಹಬ್ಬಿಲ್ಲ ಹುಣ್ಣಿಮಿಲ್ಲ, ಹಾದಿ ತಪ್ಪಿ ಬಂದ್ಯೇನು?"

ಸುಮನ ನಡೆದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದಳು. ಒಳಗೆ ಹೋಗಿ ಬಟ್ಟಲಲ್ಲಿ ಅರಿಶಿನ ಕಲಸಿ ತಂದು, ತನ್ನ ಅಂಗಿಯನ್ನು ಅತ್ತೆಯ ಮುಂದೆ ಹಾಸಿದಳು. "ಒಂದ ಸಲ ಹೆಬ್ಬಟ್ಟ ಒತ್ತರಿ. ಇವರು ನೋಡ್ಲಿ."

ಸಂಗವ್ವನ ಕೈ ಶೇಂಗಾದಿಂದ ಏಳಲಿಲ್ಲ.

"ನಿನ್ನ ಮಾಲಲ್ಲೇನ ಇದು?"

"ಹೌದ್ರಿ."

"ಆಣಿ ಮಾಡೀನಿ."

"ಅತ್ತಿ! ನನ್ನ ಹೊಟ್ಟಿ ಮ್ಯಾಲ ಕಲ್ಲ ಬೀಳತೈತಿ ಇಲ್ಲೆ!"

"ನಾ ಕೆಡವಿಲ್ಲ."

"ನೋಡಿದ್ರಿ ಮ್ಯಾಡಮ್?" ಎಂದ ನಿಲೇಶ, ಮೆಲ್ಲಗೆ. "ಆಜಿ ಹಿರಿಯರು. ಖೊಟ್ಟಿ ಕೆಲಸಕ್ಕ ಕೈ ಹಚ್ಚಂಗಿಲ್ಲ."

ಸುಮನಳ ತಲೆಗೆ ರಕ್ತ ಏರಿತು. ಬಾಗಿ ಅತ್ತೆಯ ಮುಂಗೈ ಹಿಡಿದೇಬಿಟ್ಟಳು. ಎಳೆದು ಬಟ್ಟಲಿಗೆ ಅದ್ದಿ ಒತ್ತಿಬಿಟ್ಟರೆ ಕೆಲಸ ಮುಗಿಯಿತು. ಮುದುಕಿಗೆ ಎಷ್ಟು ಬಲ? ಸಂಗವ್ವ ಕೈ ಬಿಡಿಸಿಕೊಳ್ಳಲಿಲ್ಲ. ಸೊಸೆಯ ಮುಖ ನೋಡಿದಳು, ಅಷ್ಟೇ. ಹಿಡಿದ ಮುಂಗೈ ಒಣ ಕಡ್ಡಿಯಂತಿತ್ತು. ಸುಮನ ಬಿಟ್ಟಳು.

"ಅಂದೀನಿ," ಎಂದಳು. "ಸಿಟ್ಟಿನ್ಯಾಗ ಅಂದೀನಿ. ಈಗ ಏನ ಮಾಡ್ಲಿ, ನಾಲಿಗಿ ಕೊಯ್ಕೊಳ್ಳಲಾ?"

"ಕೊಯ್ಕೋಬ್ಯಾಡ. ಅಡಗಿ ಉಪ್ಪು ಯಾರ ನೋಡ್ತಾರ?"

ಹರ್ಷದಾ ಎದ್ದಳು. ಪರ್ಸು ಹೆಗಲಿಗೆ ಹಾಕಿದಳು. "ವೈನಿ, ನನಗ ಹೊತ್ತಾತು. ನಿಮ್ಮ ಮನಿ ಜಗಳದಾಗ ನಾ ಬೀಳಂಗಿಲ್ಲ. ನಿಲೇಶ, ನಡೀರಿ."

ನಿಲೇಶ ಗಂಟನ್ನು ಕಂಕುಳಿಗೆ ಏರಿಸಿದ. ಸುಮನ ಕಂಬಕ್ಕೆ ಒರಗಿ ನಿಂತಳು.

"ನಿಲ್ಯಾ," ಎಂದಳು ಸಂಗವ್ವ ಶೇಂಗಾ ಒಡೆಯುತ್ತಲೇ. "ಆ ಗಂಟಿನ್ಯಾಗಿನ ಅಂಗಿ ಯಾರವೋ?"

"ನನ್ನವು, ಆಜಿ."

"ಚಿತ್ರ?"

"ಅದೂ ನಂದ."

"ಬಣ್ಣ, ಬರಹ, ಆ ಹಳದಿ ಸೂರ್ಯ?"

ನಿಲೇಶ ಹರ್ಷದಾಳ ಕಡೆ ನೋಡಿದ. "ಎಲ್ಲಾ ನಂದ ಆಜಿ. ಪೂರಾ."

"ನಮ್ಮ ಸುಮನಂದು ಅದರಾಗ ಏನೂ ಇಲ್ಲ?"

"ಎಳ್ಳಷ್ಟೂ ಇಲ್ಲ."

"ಹಂಗಾರ ತಾ ಇಲ್ಲೆ," ಎಂದು ಸಂಗವ್ವ ಮಡಿಲ ಸಿಪ್ಪೆ ಕೊಡವಿದಳು. "ಸುಮನನ ಮಾಲು ಮುಟ್ಟಂಗಿಲ್ಲ ಅಂತ ಆಣಿ ಮಾಡೀನಿ. ನಿಂದು ಮುಟ್ಟಂಗಿಲ್ಲ ಅಂತ ಯಾವಾಗ ಅಂದೀನಿ?"

ನಿಲೇಶನ ಕೈ ಗಂಟಿನ ಮೇಲೆ ಬಿಗಿಯಿತು. "ಆಜಿ, ಅದು ಮಾರೂ ಮಾಲು..."

"ಕೊಡ್ರಿ," ಎಂದಳು ಹರ್ಷದಾ. ಅವಳೇ ಗಂಟಿನಿಂದ ಒಂದು ಅಂಗಿ ಎಳೆದು ಮುದುಕಿಯ ಮುಂದೆ ಹಾಸಿದಳು.

ಸಂಗವ್ವ ಬಲಗೈಯ ಹೆಬ್ಬೆಟ್ಟನ್ನು ಬಟ್ಟಲಿಗೆ ಅದ್ದಿ, ಅಂಚಿಗೆ ಒರೆಸಿ ಹೆಚ್ಚಿನದನ್ನು ತೆಗೆದು, ಛಾಪಾದ ಸೂರ್ಯನ ಮಗ್ಗುಲಿಗೇ ಗಟ್ಟಿಯಾಗಿ ಒತ್ತಿದಳು. ಒಂದು ಉಸಿರಿನಷ್ಟು ಹೊತ್ತು ಹಾಗೇ ಹಿಡಿದು ತೆಗೆದಳು.

ಎರಡು ಸೂರ್ಯ ಅಕ್ಕಪಕ್ಕ ನಿಂತವು. ಒಂದು ಒಣಗಿದ್ದು, ಒಂದು ಹಸಿ. ಅದೇ ಅಗಲ, ಅದೇ ಉದ್ದ, ಎಡಮೇಲಿಂದ ಬಲಕೆಳಗೆ ಇಳಿದ ಅದೇ ಓರೆ ಗೆರೆ. ತುದಿಯಲ್ಲಿ ಗೆರೆ ಕವಲಾದ ಜಾಗ ಕೂಡ ಅದೇ. ಹರ್ಷದಾ ಬಾಗಿ ನೋಡಿದಳು. ಮುದುಕಿಯ ಹೆಬ್ಬೆಟ್ಟನ್ನು ತನ್ನ ಕಡೆ ತಿರುಗಿಸಿ ನೋಡಿದಳು. ಅರಿಶಿನ ಹತ್ತದ ಹಳೆಯ ಗಾಯದ ಗುಳಿ ಅದರ ನಡುವೆ ಸೀಳಿಕೊಂಡು ಹೋಗಿತ್ತು.

"ಮೋಡ ಅಲ್ಲೋ ಅದು," ಎಂದಳು ಸಂಗವ್ವ ನಿಲೇಶನಿಗೆ. "ಮಹಾಪೂರ ಬಂದಾಗ ನೀರು ಎದಿಮಟ ಆಗಿತ್ತು. ಈ ಎಮ್ಮಿ ಕಣ್ಣಿ ಬಿಚ್ಚಾಕ ಬರಲಿಲ್ಲ. ಈಳಿಗಿ ತಂದು ಕೊಯ್ದೆ, ಹಗ್ಗದ ಸಂಗಾಟ ಬಟ್ಟೂ ಕೊಯ್ತು. ಮಾಳಗಿ ಮ್ಯಾಲ ಹತ್ತಿಸಿ ಇಬ್ಬರೂ ಕುಂತ್ವಿ, ಎಮ್ಮಿ ನಾ. ನೀ ಆವಾಗ ಎಲ್ಲಿದ್ದ್ಯೋ, ಸೂರ್ಯನ ಮಗನ?"

"ಆಜಿ, ನನ್ನ ಅಂಗಿ ಕೆಡಸಿದ್ರಿ," ಎಂದ ನಿಲೇಶ.

"ಕೆಡಸಿಲ್ಲಪಾ. ಹೊಸಾ ಅಂಗಿಗೆ ಅರಿಶಿಣ ಹಚ್ಚೀನಿ. ಉಟ್ಟು ಸುಖವಾಗಿರು."

ಅವನು ಗಂಟು ಎತ್ತಿಕೊಂಡು ಹೋದ. ಆ ಒಂದು ಅಂಗಿಯನ್ನು ಹರ್ಷದಾ ಕೊಡಲಿಲ್ಲ. ಅವನು ಕೇಳಲೂ ಇಲ್ಲ. ಕಾಲು ಹಿಡಿಯುವುದನ್ನೂ ಅವತ್ತು ಮರೆತ.

ಹರ್ಷದಾ ಮತ್ತೆ ಕಟ್ಟೆಯ ಮೇಲೆ ಕುಳಿತಳು. ಪರ್ಸು ಕೆಳಗಿಟ್ಟಳು. "ವೈನಿ, ಮಾಲು ಯಾವಾಗ ಕೊಡ್ತೀರಿ?"

ಸುಮನ ಕಂಬ ಬಿಟ್ಟು ಮುಂದೆ ಬಂದು, "ನಾಳೆಯಿಂದ ಛಾಪಿಸಾಕ ಹಚ್ಚತೇನಿ," ಎಂದಳು. "ಮೊದಲ ಹೇಳತೇನಿ, ಅವನ ರೇಟಿಗೆ ನನ್ನ ಕಡೆ ಆಗಂಗಿಲ್ಲ. ನಾ ಕೈಲೆ ಎಳಿಯಾಕಿ."

"ರೇಟು ಆಮೇಲೆ ಜಗಳಾಡೋಣು. ನೀವು ಹ್ಯಾಂಗೂ ಬಿಡಾಕಿ ಅಲ್ಲ." ಹರ್ಷದಾ ಮೊದಲ ಸಲ ನಕ್ಕಳು. "ಒಂದ ಮಾತು. ಪ್ರತೀ ಅಂಗಡಿ ಮುಂದ ನೇತಹಾಕೂ ಒಂದೊಂದು ಅಂಗಿಗೆ ಈ ಅರಿಶಿಣ ಬೇಕು. ಛಾಪಿಸಿದ್ದಲ್ಲ. ಖರೇ."

ಸುಮನ ಅತ್ತೆಯ ಕಡೆ ನೋಡಿದಳು.

"ಆಗಂಗಿಲ್ಲ," ಎಂದಳು ಸಂಗವ್ವ. "ಆ ಮಾಲು ಸುಮನಂದು."

ಹರ್ಷದಾ ಹೋದ ಮೇಲೆ ಸುಮನ ಬಹಳ ಹೊತ್ತು ಅಂಗಳದಲ್ಲೇ ನಿಂತಿದ್ದಳು. ಎಮ್ಮೆ ಮೆಲುಕು ಹಾಕುತ್ತಿತ್ತು. ಕಟ್ಟೆಯ ಮೇಲೆ ಹಾಸಿದ್ದ ತನ್ನ ಅಂಗಿ ಹಾಗೇ ಬಿದ್ದಿತ್ತು, ಪಕ್ಕದಲ್ಲಿ ಅರಿಶಿನದ ಬಟ್ಟಲು. ಕೊನೆಗೆ ಬಂದು ಅತ್ತೆಯ ಎದುರು ಕುಕ್ಕರಗಾಲಲ್ಲಿ ಕುಳಿತಳು. ಬಟ್ಟಲಿಗೆ ತನ್ನ ಹೆಬ್ಬೆಟ್ಟು ಅದ್ದಿ ಎಮ್ಮೆಯ ಕಾಲ ಬುಡಕ್ಕೆ ಒಯ್ದಳು. ಹಳದಿ ಹನಿ ತೊಟ್ಟಿಕ್ಕಿ ಎಮ್ಮೆಯ ಗೊರಸಿನ ಮೇಲೆ ಬಿತ್ತು.

"ಏ ಏ, ಹಂಗಲ್ಲ," ಎಂದಳು ಸಂಗವ್ವ. "ಇಷ್ಟು ನೀರಾದ್ರ ಸೋರತೈತಿ. ಗಟ್ಟಿ ಕಲಸು. ಅಂಚಿಗೆ ಬಟ್ಟ ಒರಸ್ಕೋ. ಸಿಟ್ಟಿಲೆ ಕುಕ್ಕಬ್ಯಾಡ, ಮೆತ್ತಗ ಒತ್ತು."

"ಕೈ ಹಚ್ಚಂಗಿಲ್ಲ ಅಂದ್ರಿ. ಈಗ ಬಾಯಿ ಹಚ್ಚಾಕ ಹತ್ತೀರಿ."

"ಆಣಿ ಮಾಡಿದ್ದು ಕೈದು," ಎಂದು ಸಂಗವ್ವ ಶೇಂಗಾದ ಬುಟ್ಟಿಯನ್ನು ಮತ್ತೆ ಮಡಿಲಿಗೆ ಎಳೆದುಕೊಂಡಳು. "ಬಾಯಿದಲ್ಲ."